ನೀರಿನ ಗಿರಣಿಗೆ ಅಜ್ಜಿ ಒಯ್ದ ಕೊಡ

ಮೊನ್ನೆ ರವಿವಾರ ತೆಲುಗು ಸೀಮೆಯ ಉಪ್ಪಲ್ ಆಚೆಯ ಹಳೆಯ ನೀರಿನ ಗಿರಣಿ ನೋಡಲು ಹೋಗಿದ್ದೆ. ಬಾಗಿಲಲ್ಲೇ ಬಿಸಿ ಜೋಳದ ಹಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ನಮ್ಮಜ್ಜಿ ನೆನಪಿಗೆ ಬಂದಳು, ಬಗಲಲ್ಲಿ ಕೊಡ ಇಟ್ಟುಕೊಂಡು.

ನಾನು ಚಿಕ್ಕವಳಿದ್ದಾಗ, ಎಷ್ಟೋ ವರ್ಷ ನಿಂತುಹೋಗಿದ್ದ ಈ ಗಿರಣಿಯನ್ನು ರಿಪೇರಿ ಮಾಡಿ ಮತ್ತೆ ಶುರು ಮಾಡಿದರು. ಸುತ್ತಲಿನವರೆಲ್ಲ ಜೋಳ, ಗೋಧಿ ಹೊತ್ತು ಬಂದರು. ಅಜ್ಜಿ ಮಾತ್ರ ಕೊಡದಲ್ಲಿ ನೆನೆಸಿದ ಅಕ್ಕಿ, ಉದ್ದಿನಬೇಳೆ ತಂದಿದ್ದಳು. ನೀರಿನ ಗಿರಣಿ ಎಂದರೆ ಇಡ್ಲಿ ಹಿಟ್ಟು ರುಬ್ಬುವ ಗಿರಣಿ ಎಂದೇ ಅವಳ ನಂಬಿಕೆ.

ಕಾಲುವೆಯ ನೀರು ಕೆಳಗಿನ ಚಕ್ರ ತಿರುಗಿಸುತ್ತದೆ, ಚಕ್ರ ಮೇಲಿನ ಕಲ್ಲು ತಿರುಗಿಸುತ್ತದೆ, ಕಾಳಿಗೆ ನೀರು ಸೋಕುವುದೇ ಇಲ್ಲ ಎಂದು ಅಪ್ಪ ದಾರಿಯುದ್ದಕ್ಕೂ ಹೇಳಿದರು.

“ನೀ ನಿನ್ನ ಆಫೀಸ್ ನೋಡ್ಕೋ. ಅಡಗಿ ವಿಷಯ ನನಗ ಬಿಡು,” ಎಂದಳು ಅಜ್ಜಿ.

ಗಿರಣಿ ನಡೆಸುತ್ತಿದ್ದ ಚಾಚಾ ಅತ್ತ ತಿರುಗಿದ್ದೇ ತಡ, ಅಜ್ಜಿ ಕಾಳು ಸುರಿಯುವ ಜಾಗಕ್ಕೆ ಕೊಡ ಬಗ್ಗಿಸಿಬಿಟ್ಟಳು. ಕಲ್ಲು ಗೊರ್ ಎಂದು ಅಂಟಿಕೊಂಡು ನಿಂತಿತು.

“ಅಮ್ಮಾ, ಯೇ ಕ್ಯಾ ಡಾಲೇ ಜೀ?” ಇದೇನು ಹಾಕಿಬಿಟ್ಟಿರಿ ಎಂದು ಚಾಚಾ ತಲೆಯ ಮೇಲೆ ಕೈ ಹೊತ್ತರು.

“ನಿಮ್ಮ ಗಿರಣಿಗೆ ತಾಕತ್ತೇ ಇಲ್ಲ ಬಿಡ್ರಿ,” ಎಂದಳು ಅಜ್ಜಿ. “ನಮ್ಮನಿ ರುಬ್ಬೋ ಕಲ್ಲ ಇದಕ್ಕಿಂತ ಭಾಳ ಛಲೋ ಐತಿ.”

ಸಂಜೆಯವರೆಗೂ ಚಾಚಾ ಒಂದು ಕಡೆಯಿಂದ, ಅಪ್ಪ ಇನ್ನೊಂದು ಕಡೆಯಿಂದ ಕಲ್ಲಿಗೆ ಮೆತ್ತಿದ ಹಿಟ್ಟು ಕೆರೆದರು.

ಈಗ ಅಲ್ಲಿ ಗಿರಣಿಯ ಇತಿಹಾಸ ಹೇಳುವ ದೊಡ್ಡ ಫಲಕವಿದೆ, ತೆಲುಗು ಮತ್ತು ಉರ್ದುವಿನಲ್ಲಿ. ಅಜ್ಜಿಯ ಹೆಸರಿಲ್ಲ. ಆದರೆ ಕಾಳು ಸುರಿಯುವ ಜಾಗದ ಮೇಲೆ, ಇಡೀ ಗಿರಣಿಯಲ್ಲಿ ಒಂದೇ ಒಂದು ಸಾಲು ಕನ್ನಡದಲ್ಲಿದೆ: “ನೆನೆಸಿದ ಅಕ್ಕಿ ಹಾಕಬಾರದು.”