ಎತ್ಕೊಂಡ್ಲು

ನನಗಾಗ ಆರು ತುಂಬಿ ಏಳು ನಡೆಯುತ್ತಿತ್ತು. ಐವತ್ತರ ದಶಕದ ನಡುವಿನ ವರ್ಷಗಳು. ರಾಜಾಜಿನಗರದ ನಮ್ಮ ರಸ್ತೆಯಲ್ಲಿ ಒಟ್ಟು ಒಂಬತ್ತು ಮನೆ, ಅದರಾಚೆ ರಾಗಿ ಹೊಲ. ಇಷ್ಟು ನನಗೆ ಖಚಿತ. ಮುಂದಿನದನ್ನು ಬರೆಯುವಾಗ ಒಂದೊಂದು ವಾಕ್ಯದ ಹತ್ತಿರವೂ ನಿಂತು, ಇದು ನಾನು ಕಂಡದ್ದೋ ಆಮೇಲೆ ಕೇಳಿದ್ದೋ ಎಂದು ನೋಡಿಕೊಳ್ಳಬೇಕಾಗುತ್ತದೆ. ಹಾಗೆ ನೋಡಿಕೊಳ್ಳದೆ ಒಮ್ಮೆ ಮಾತಾಡಿದ್ದೇನೆ, ಕೋರ್ಟಿನಲ್ಲಿ.

ಮೂಡಲಪಾಳ್ಯದಿಂದ ಹೊಲದ ಬದುಗಳ ಮೇಲೆ ನಡೆದು ದಿನಾ ಬೆಳಿಗ್ಗೆ ಒಬ್ಬ ಹೆಂಗಸು ಮೊಸರು ತರುತ್ತಿದ್ದಳು. ಮಕ್ಕಳೆಲ್ಲ ಅವಳನ್ನು ಮೊಸರಕ್ಕ ಎನ್ನುತ್ತಿದ್ದೆವು. ತಲೆಯ ಮೇಲೆ ಬಟ್ಟೆಯ ಸಿಂಬಿ, ಸಿಂಬಿಯ ಮೇಲೆ ಮಡಕೆ. ಜಗಲಿಯ ಮೇಲೆ ಮಡಕೆ ಇಳಿಸಿದ ಕೂಡಲೆ ಅವಳ ಎರಡು ಕೈಯೂ ಬರಿದಾಗುತ್ತಿದ್ದವು. ಅಮ್ಮ ಪಾತ್ರೆ ತರಲು ಒಳಗೆ ಹೋದಷ್ಟು ಹೊತ್ತು ಆ ಕೈಗಳು ನನ್ನವು. ಆ ವರ್ಷ ತಂಗಿ ಹುಟ್ಟಿದ್ದಳು, ಅಮ್ಮನ ಸೊಂಟ ನನಗೆ ಸಿಗುತ್ತಿರಲಿಲ್ಲ. ಮೊಸರಕ್ಕ ನನ್ನನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡರೆ ನಾನು ಅವಳ ಭುಜಕ್ಕೆ ಮೂಗು ಒತ್ತುತ್ತಿದ್ದೆ. ಹುಳಿ ಮೊಸರು, ಹೊಗೆ, ನಡೆದು ಬಂದ ಬೆವರು. ಈ ವಾಸನೆಯನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ.

ಅಮ್ಮ ಹೊರಗೆ ಬಂದರೆ ಬೈಗುಳ. "ಏಳು ವರ್ಷದ ಕತ್ತೆ ಕಣೇ ಅದು, ಇಳಿಸು ಕೆಳಗೆ. ಎಷ್ಟು ಸಲ ಹೇಳ್ಬೇಕು ನಿಂಗೆ?"

"ಇರ್ಲಿ ಬಿಡಿ ಅವ್ವಾರೆ, ಮಡಕೆಗಿಂತ ಹಗೂರ ಐತೆ ಕೂಸು."

"ನೀನೂ ಅಷ್ಟೇ," ಎಂದು ಅಮ್ಮ ನನ್ನ ಕಡೆ ತಿರುಗುತ್ತಿದ್ದಳು. "ಇನ್ನೊಂದ್ಸಲ ಎತ್ಕೊಂಡಿದ್ದು ನೋಡಿದ್ರೆ ಕಾಲ್ ಮೇಲೆ ಬರೆ ಹಾಕ್ತೀನಿ."

ಅಜ್ಜಿ ಮಾಡಿಸಿದ ಒಂದೆಳೆ ಚಿನ್ನದ ಸರ ನನ್ನ ಕತ್ತಿನಲ್ಲಿರುತ್ತಿತ್ತು. ಅದರ ಕೊಂಡಿ ಸಡಿಲವಾಗಿತ್ತು, ಅಮ್ಮ ದಾರ ಸುತ್ತಿದ್ದಳು. ಒಂದು ದಿನ ಮಧ್ಯಾಹ್ನ ನನಗೆ ನೀರು ಹಾಕಲು ಬಟ್ಟೆ ಬಿಚ್ಚಿದಾಗ ಸರ ಇರಲಿಲ್ಲ. ಹಿತ್ತಲು, ಜಗಲಿ, ಹಾಸಿಗೆಯ ಮಡಿಕೆ ಎಲ್ಲ ಹುಡುಕಿದರು. ಸಂಜೆ ಶಾಲೆಯಿಂದ ಬಂದ ಅಪ್ಪ, ಅವರು ಮೇಷ್ಟರು, ನನ್ನನ್ನು ಎದುರಿಗೆ ನಿಲ್ಲಿಸಿಕೊಂಡರು.

"ಬೆಳಿಗ್ಗೆ ಯಾರು ಬಂದಿದ್ರು?"

"ಮೊಸರಕ್ಕ."

"ಬಂದು ಏನ್ಮಾಡಿದ್ಲು?"

ಸಿಕ್ಕಿಬಿದ್ದೆ ಅನ್ನಿಸಿತು. ಅಮ್ಮ ಪಕ್ಕದಲ್ಲೇ ನಿಂತಿದ್ದಳು. ನಾನು ನೆಲ ನೋಡುತ್ತ, ತಪ್ಪೊಪ್ಪಿಕೊಳ್ಳುವವರ ದನಿಯಲ್ಲಿ, "ಎತ್ಕೊಂಡ್ಲು" ಎಂದೆ.

ಯಾರನ್ನು, ಏನನ್ನು ಎಂದು ನಾನು ಹೇಳಲಿಲ್ಲ. ನಮ್ಮ ಮಾತಿನಲ್ಲಿ ಹೇಳಬೇಕಾಗಿಯೂ ಇಲ್ಲ. ನನ್ನ ತಲೆಯಲ್ಲಿದ್ದದ್ದು ನಾನು, ಅವರ ತಲೆಯಲ್ಲಿದ್ದದ್ದು ಸರ. ಅಮ್ಮ ಗೋಡೆಗೊರಗಿ ಕೂತಳು. ನನ್ನ ತಗ್ಗಿದ ತಲೆಯನ್ನು ಅವರು ಹೆದರಿಕೆ ಎಂದುಕೊಂಡರು. ಬರೆ ಬೀಳಲಿಲ್ಲ. ಅಪ್ಪ ನನ್ನ ತಲೆ ಸವರಿ, "ನಿಜ ಹೇಳ್ದೆ, ಜಾಣೆ" ಎಂದರು. ಬೈಗುಳ ತಪ್ಪಿದ್ದೇಕೆಂದು ಆಗ ನಾನು ಕೇಳಲಿಲ್ಲ. ಕೇಳಬಹುದಿತ್ತು.

ಮಾರನೆಯ ದಿನ ಮೊಸರು ಬರಲಿಲ್ಲ. ಅವಳನ್ನು ಠಾಣೆಗೆ ಕರೆದುಕೊಂಡು ಹೋದರಂತೆ. ದಫೇದಾರರೊಬ್ಬರು ಮನೆಗೆ ಬಂದು, ಕುರ್ಚಿಯಲ್ಲಿ ಕೂತು, ಅಮ್ಮ ಕೊಟ್ಟ ಕಾಫಿ ಕುಡಿದು ನನ್ನನ್ನು ಕರೆದರು.

"ಏನ್ ಎತ್ಕೊಂಡ್ಲು ಪುಟ್ಟಿ? ಸರ ತಾನೆ?"

ನಾನು ಅಪ್ಪನ ಮುಖ ನೋಡಿದೆ. ಅಪ್ಪ ಪಾಠ ಒಪ್ಪಿಸಿಕೊಳ್ಳುವಾಗ ಮಾಡುವಂತೆ ಸಣ್ಣಗೆ ತಲೆಯಾಡಿಸಿದರು.

"ಸರ," ಎಂದೆ.

"ಭೇಷ್. ಎಲ್ಲಿ, ಪೂರ್ತಿ ಹೇಳು."

"ಸರ ಎತ್ಕೊಂಡ್ಲು."

ದಫೇದಾರರು ಮತ್ತೆ ಎರಡು ಸಲ ಬಂದರು. ಪ್ರತಿ ಸಲವೂ ಒಂದೊಂದು ಪ್ರಶ್ನೆ ಹೆಚ್ಚಾಗುತ್ತಿತ್ತು. ಯಾವ ಕೈಯಲ್ಲಿ? ಹಿಂದಿನಿಂದಲೋ, ಮುಂದಿನಿಂದಲೋ? ಎಲ್ಲಿ ಬಚ್ಚಿಟ್ಟುಕೊಂಡಳು, ಸೆರಗಿನಲ್ಲೋ ಬಾಳೆಕಾಯಿಯಲ್ಲೋ? ಸೀರೆಯನ್ನು ಸೊಂಟದ ಹತ್ತಿರ ಮಡಿಸಿ ಸಿಕ್ಕಿಸಿಕೊಳ್ಳುವ ಚೀಲದಂಥ ಜಾಗಕ್ಕೆ ಬಾಳೆಕಾಯಿ ಎನ್ನುತ್ತಾರೆಂದು ನನಗೆ ಗೊತ್ತಾದದ್ದೇ ಅವರಿಂದ. ಆ ಪದ ಇಷ್ಟವಾಯಿತು. ಬಾಳೆಕಾಯಿ ಎಂದೆ. ಅಂದಿನಿಂದ ನನಗದು ಕಾಣತೊಡಗಿತು: ಬಲಗೈಯ ಎರಡು ಬೆರಳು, ಅವುಗಳ ನಡುವೆ ಬಿಸಿಲಿಗೆ ಮಿಂಚುವ ಎಳೆ. ಇವತ್ತಿಗೂ ಆ ಚಿತ್ರ ಹಾಗೇ ಇದೆ. ಅದು ಸುಳ್ಳೆಂದು ತಿಳಿದ ಮೇಲೂ ಅದರ ಬಣ್ಣ ಮಾಸಿಲ್ಲ. ನಿಜವಾದ ಬೆಳಗಿನದು ಒಂದು ಚಿತ್ರವೂ ಇಲ್ಲ, ಭುಜದ ವಾಸನೆ ಅಷ್ಟೇ.

ಕೋರ್ಟಿಗೆ ಜಟಕಾದಲ್ಲಿ ಹೋದೆವು. ನನ್ನನ್ನು ಒಂದು ಸ್ಟೂಲಿನ ಮೇಲೆ ನಿಲ್ಲಿಸಿದರು. ಮೊಸರಕ್ಕ ಎದುರಿನ ಕಟಕಟೆಯಲ್ಲಿದ್ದಳು. ತಲೆಯ ಮೇಲೆ ಸಿಂಬಿಯೂ ಇಲ್ಲದೆ ಅವಳನ್ನು ನೋಡಿದ್ದು ಅದೇ ಮೊದಲು. ಅವಳು ನನ್ನನ್ನು ಕಂಡು ನಕ್ಕಳು ಎಂದು ಬರೆಯಬೇಕೆನ್ನಿಸುತ್ತದೆ. ನಕ್ಕಳೋ ಇಲ್ಲವೋ ನೆನಪಿಲ್ಲ.

ಸುಳ್ಳು ಹೇಳಿದರೆ ಏನಾಗುತ್ತದೆ ಎಂದು ಮ್ಯಾಜಿಸ್ಟ್ರೇಟರು ಮೊದಲು ಕೇಳಿದರು. ಕಣ್ಣು ಹೋಗುತ್ತದೆ ಎಂದೆ. ಪೊಲೀಸರ ಕಡೆಯ ವಕೀಲರು ಕೇಳಿದ್ದಕ್ಕೆಲ್ಲ ತಡವರಿಸದೆ ಒಪ್ಪಿಸಿದೆ. ಬಲಗೈ, ಹಿಂದಿನಿಂದ, ಬಾಳೆಕಾಯಿ. ಮ್ಯಾಜಿಸ್ಟ್ರೇಟರು ಬರೆದುಕೊಳ್ಳುತ್ತಿದ್ದವರು ತಲೆಯೆತ್ತಿದರು.

"ಅವಳು ಸರ ಎತ್ಕೊಂಡಾಗ ನೀನೆಲ್ಲಿದ್ದೆ ಮಗು?"

"ಮೇಲೆ."

"ಮೇಲೆ ಅಂದ್ರೆ? ಮಹಡಿ ಮೇಲಾ?"

ಯಾರೋ ನಕ್ಕರು. ನಮ್ಮದು ಹೆಂಚಿನ ಮನೆ.

"ಅಲ್ಲ. ಮೊಸರಕ್ಕನ ಸೊಂಟದ ಮೇಲೆ."

"ಅಲ್ಲಿಗೆ ಹೇಗೆ ಹೋದೆ?"

ಇಷ್ಟು ದೊಡ್ಡವರಿಗೆ ಇಷ್ಟೂ ತಿಳಿಯುವುದಿಲ್ಲವಲ್ಲ ಎಂದು ನನಗೆ ಸಿಟ್ಟು ಬಂತು. "ಎತ್ಕೊಂಡ್ಲು ಅಂದ್ನಲ್ಲ," ಎಂದೆ.

ಅವರು ಪೆನ್ನು ಕೆಳಗಿಟ್ಟರು. "ಮೊದಲನೇ ದಿನ ಅಪ್ಪ ಕೇಳ್ದಾಗ ಏನಂದೆ? ಅವತ್ತು ಹೇಗೆ ಹೇಳಿದ್ಯೋ ಹಾಗೇ ಹೇಳು."

"ಎತ್ಕೊಂಡ್ಲು ಅಂದೆ."

"ಸರ ಅಂದ್ಯಾ?"

"ಇಲ್ಲ. ಸರ ಆಮೇಲೆ."

"ಆಮೇಲೆ ಅಂದ್ರೆ ಯಾವಾಗ?"

"ದಫೇದಾರ್ ಮಾಮ ಬಂದ್ಮೇಲೆ."

ಅಪ್ಪನ ಮುಖ ನೋಡಿದೆ. ಅವರು ತಲೆಯಾಡಿಸಲಿಲ್ಲ. "ಅವಳು ಸರ ತೆಗೆದದ್ದನ್ನ ನೀನು ನೋಡಿದ್ಯಾ?" ಎಂದು ಮ್ಯಾಜಿಸ್ಟ್ರೇಟರು ಕೊನೆಯದಾಗಿ ಕೇಳಿದರು. "ನೋಡ್ದೆ," ಎಂದೆ. ಆಗ ನಾನು ಸುಳ್ಳು ಹೇಳುತ್ತಿರಲಿಲ್ಲ.

ಕೇಸು ಖುಲಾಸೆಯಾಯಿತು. ಸರ ಸಿಗಲಿಲ್ಲ, ದಾರ ಸವೆದು ಹೊಲದ ಬದಿಯಲ್ಲೆಲ್ಲೋ ಬಿದ್ದಿರಬೇಕೆಂದು ಅಮ್ಮ ಆಮೇಲೆ ಹೇಳುತ್ತಿದ್ದಳು. ಮೊಸರಿಗೆ ಬೇರೆಯವರು ಬಂದರು. ನಾನು ತಿಂಗಳುಗಟ್ಟಲೆ ಬೆಳಿಗ್ಗೆ ಜಗಲಿಯ ಮೇಲೆ ಕೂತು ಬದುವಿನ ಕಡೆ ನೋಡುತ್ತಿದ್ದೆ. ಖುಲಾಸೆ ಎಂದರೆ ಮತ್ತೆ ಬರುತ್ತಾಳೆ ಎಂದುಕೊಂಡಿದ್ದೆ. ಯಾವುದಾದರೂ ತಲೆಯ ಮೇಲೆ ಮಡಕೆ ಕಂಡರೆ ಎದ್ದು ನಿಲ್ಲುತ್ತಿದ್ದೆ. ಬದುವಿನ ಮೇಲೆ ಬೇರೆ ಊರಿನ ಹೆಂಗಸರೂ ಓಡಾಡುತ್ತಿದ್ದರು.

ಅವಳನ್ನು ಮತ್ತೆ ಕಂಡದ್ದು ನನಗೆ ಹತ್ತಾದಾಗ. ಅವರೆಕಾಯಿಯ ಕಾಲ. ಹೊಲದಲ್ಲೇ ಕಿತ್ತು ಕೊಡುತ್ತಾರೆಂದು ಅಮ್ಮ ನನ್ನನ್ನು ಕರೆದುಕೊಂಡು ಮೂಡಲಪಾಳ್ಯಕ್ಕೆ ಹೋಗಿದ್ದಳು. ಅಮ್ಮ ಒಬ್ಬರ ಹತ್ತಿರ ಸೊಗಡಿಲ್ಲ ಎಂದು ಚೌಕಾಸಿ ಮಾಡುತ್ತಿದ್ದಾಗ, ಎರಡು ಮನೆ ಆಚೆ ಕಟ್ಟೆಯ ಮೇಲೆ ಮೊಸರಕ್ಕ ಕೂತಿದ್ದಳು, ಮುಂದೆ ಅವರೆಕಾಯಿಯ ರಾಶಿ. ನಾನು ಹೋಗಿ ಎದುರಿಗೆ ನಿಂತೆ. ಅವಳು ಎದ್ದಳು. ಎದ್ದವಳು ಎರಡು ಕೈಯನ್ನೂ ಸೆರಗಿನೊಳಕ್ಕೆ ಎಳೆದುಕೊಂಡಳು.

"ಚೆಂದಾಗಿದೀಯೇನವ್ವ?"

ಮೂರು ವರ್ಷದಿಂದ ಕಟ್ಟಿಟ್ಟುಕೊಂಡಿದ್ದ ಮಾತನ್ನು ಒಂದೇ ಉಸಿರಿಗೆ ಹೇಳಿದೆ. "ಅವತ್ತು ಅಪ್ಪನ ಹತ್ರ ನಾನು ಹೇಳಿದ್ದು ನೀನು ನನ್ನ ಎತ್ಕೊಂಡೆ ಅಂತ. ನನ್ನ ಅಂತ."

"ಗೊತ್ತು ಕೂಸೇ. ಕೋರ್ಟಲ್ಲಿ ನಾನೂ ಅಲ್ಲೇ ನಿಂತಿದ್ನಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಇನ್ನೊಂದು ಹೆಜ್ಜೆ ಮುಂದಿಟ್ಟೆ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು, ಕೈ ಸೆರಗಿನೊಳಗೇ ಇತ್ತು. ಗಾಳಿ ಅವಳ ಕಡೆಯಿಂದಲೇ ಬೀಸುತ್ತಿತ್ತು, ಆದರೂ ಮೊಸರಿನ ವಾಸನೆ ಬರಲಿಲ್ಲ. ಈಗ ಹಸು ಇಲ್ಲ ಎಂದಳು, ವಕೀಲರಿಗಾಗಿ ಮಾರಿದರಂತೆ.

ಅಮ್ಮ ದೂರದಿಂದ ನನ್ನನ್ನು ಕೂಗಿದಳು. ಮೊಸರಕ್ಕ ಅತ್ತ ನೋಡಿ, ಒಂದು ಕೈಯನ್ನು ಬೇಗ ಹೊರಗೆ ತೆಗೆದು ರಾಶಿಯಿಂದ ಒಂದು ಬೊಗಸೆಯಷ್ಟು ಅವರೆಕಾಯಿಯನ್ನು ಕಟ್ಟೆಯ ಅಂಚಿಗೆ ಸರಿಸಿದಳು. ನಾನು ಲಂಗದ ಮಡಿಲು ಒಡ್ಡಿದೆ. ಅವಳು ಹಾಕಲಿಲ್ಲ. ಕೈ ಮತ್ತೆ ಸೆರಗಿನೊಳಕ್ಕೆ ಹೋಯಿತು.

"ನೀನೇ ಎತ್ಕೋ ಕೂಸೇ," ಎಂದಳು.