ಗ್ಯಾಲಕ್ಸಿಗೆ ಮೇವು

ಮೂಡಲಗಿಯ ಕಾಲೇಜಿನಲ್ಲಿ ಕುಬ್ಜ ಗ್ಯಾಲಕ್ಸಿಗಳ ಬಗ್ಗೆ ಮಾತಾಡುತ್ತಿದ್ದೆ. ಇಲ್ಲಿಗೆ ಬಂದು ನಲವತ್ತು ವರ್ಷವಾದರೂ ಬಿಡದ ನನ್ನ ಮಂಗಳೂರು ಕನ್ನಡಕ್ಕೆ ಅರ್ಧ ಸಭೆ ತೂಕಡಿಸುತ್ತಿತ್ತು. ಹೇಗಾದರೂ ಎಬ್ಬಿಸಬೇಕೆಂದು ಕೇಳಿದೆ: "ದೂರದಲ್ಲಿ ಒಂಟಿಯಾಗಿರುವ ಪುಟ್ಟ ಗ್ಯಾಲಕ್ಸಿಯಲ್ಲಿ ನಕ್ಷತ್ರ ಹುಟ್ಟಿಸುವ ಅನಿಲ ತುಂಬಿದೆ. ದೊಡ್ಡದರ ಪಕ್ಕದಲ್ಲಿರುವ ಪುಟ್ಟದು ಬರಿದು. ಯಾಕೆ?"

ಮಗಳನ್ನು ಕರೆದೊಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದ ಕುರಿಗಾರರೊಬ್ಬರು ಹೇಳಿದರು: "ದೊಡ್ಡ ಹಿಂಡಿನ ಬಾಜೂ ಸಣ್ಣ ಹಿಂಡಿಗೆ ಮೇವು ಉಳಿತೈತೇನ್ರಿ, ಅಕ್ಕೋರ?"

ಈ ವಯಸ್ಸಿನಲ್ಲಿ ನಾನು ಕುಣಿಯುವುದೊಂದೇ ಬಾಕಿ.

"ಹಂಗಾರ ನಮ್ಮ ಗ್ಯಾಲಕ್ಸಿ ಎಷ್ಟು ಸಣ್ಣವನ್ನ ನುಂಗಿ ಬೆಳದೈತ್ರಿ?" ಅಂತ ಕುರಿಗಾರರೇ ಮತ್ತೆ ಕೇಳಿದರು.

ಅದೇ ನನ್ನ ಉಪನ್ಯಾಸದ ಕೊನೆಯ ಮಾತಾಗಬೇಕಿತ್ತು! ಸಭೆ ಎದ್ದು ಕೂತು ಚಪ್ಪಾಳೆ ತಟ್ಟಿತು. ನನಗೆ ಹೊದಿಸಿದ ಸನ್ಮಾನದ ಶಾಲನ್ನು ಅವರಿಗೇ ಹೊದಿಸಿದೆ. ಅವರು ಅದರ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿ, ಮೆಲ್ಲಗೆ ಹೇಳಿದರು: "ಇದು ಉಣ್ಣೆ ಅಲ್ರಿ, ಅಕ್ಕೋರ. ನಿಮಗ ಯಾರೋ ಮೋಸ ಮಾಡ್ಯಾರ."