ಮೆಹರುನ್ನಿಸಾ ಹೊಲಿದ ಕಡಲ ಜರಿ

೨೦೨೩ನೆಯ ಇಸವಿ ಜೂನ್ ೧೭, ಶನಿವಾರ. ಬೇಸಿಗೆ ಮುಗಿಯುವ ಕಾಲ. ಮಿರಗ, ಅಂದರೆ ಮೃಗಶಿರಾ ಮಳೆ, ಕೂಡಿ ವಾರ ಕಳೆದಿದ್ದರೂ ಕಲಬುರಗಿಯ ಮೇಲೆ ಮೋಡವಿರಲಿಲ್ಲ, ಬಿಸಿಗಾಳಿ ಮಾತ್ರ ಬೀಸುತ್ತಿತ್ತು. ಅಂದು ಮಧ್ಯಾಹ್ನ ರೋಜಾ ಬಡಾವಣೆಯ ಮೆಹರುನ್ನಿಸಾ ತಮ್ಮ ಪಡಸಾಲೆಯಲ್ಲಿ ಕುಳಿತು ಒಂದು ಸಮುದ್ರದ ಕೊನೆಯ ಅಲೆಯನ್ನು ಹೊಲಿದು ಮುಗಿಸಿದರು.

ಮೆಹರುನ್ನಿಸಾ ಹುಟ್ಟಿದ್ದು ೧೯೫೮ರಲ್ಲಿ. ಆಧಾರ್ ಕಾರ್ಡಿನಲ್ಲಿರುವ ೧೯೫೯ ತಪ್ಪು. ಅತ್ತೆಯಿಂದ ಜರಿ ಕೆಲಸ ಕಲಿತು, ದರ್ಗಾಕ್ಕೆ ಅರ್ಪಿಸುವ ಚಾದರಗಳ ಅಂಚಿಗೆ ಚಿನ್ನದ ಬಣ್ಣದ ಬಳ್ಳಿಗಳನ್ನು ಹೊಲಿಯುತ್ತ ಬಂದವರು. ೨೦೨೨ರ ನವೆಂಬರಿನಲ್ಲಿ ಅವರ ಕಣ್ಣಿನ ಪೊರೆ ತೆಗೆದ ಬಳಿಕ, ಮಗ ಸರ್ಫರಾಜ್ ಕಂಪ್ಯೂಟರ್ ಹೊಲಿಗೆಯ ಯಂತ್ರ ತರುವ ಮಾತೆತ್ತಿದನು. ಯಂತ್ರಕ್ಕೆ ಜಾಗವಾಗಬೇಕಾದರೆ ಬಟ್ಟೆ ಬಿಗಿಯುವ ಮರದ ಚೌಕಟ್ಟನ್ನು, ಅವರು ಅಡ್ಡಾ ಎನ್ನುವುದನ್ನು, ಬಿಚ್ಚಬೇಕಾಗಿತ್ತು. ಕೈಗೆ ಬಂದಿದ್ದ ಈ ಸಮುದ್ರದ ಕೆಲಸವನ್ನು ಗಿರಾಕಿ ತಕರಾರಿಲ್ಲದೆ ಒಯ್ದರೆ ಅಡ್ಡಾ ಉಳಿಯಲಿ, ಇಲ್ಲವಾದರೆ ಹೋಗಲಿ ಎಂದು ತಾಯಿ ಮಗ ಒಪ್ಪಿಕೊಂಡಿದ್ದರು.

ಗಿರಾಕಿ, ಕಮಲಾಪುರದ ಕಾಲೇಜೊಂದರಲ್ಲಿ ಪಾಠ ಹೇಳುವ ಸೌಂದರ್ಯಾ. ಆಕೆಯೂ ಗೆಳೆಯರೂ ರವಿವಾರಗಳಂದು ಒಂದು ಆಟವಾಡುತ್ತಾರೆ: ಒಬ್ಬರು ಕಥೆ ನಡೆಸಬೇಕು, ಉಳಿದವರು ನಾವಿಕ, ವೈದ್ಯ, ಕಳ್ಳ ಎಂದು ಪಾತ್ರ ಹೊತ್ತು ದಾಳ ಎಸೆಯಬೇಕು. ಮುಂದಿನ ಕಥೆಗೆ ಆಕೆ ಕಲ್ಪಿಸಿದ್ದ ಪ್ರಾಣಿ ಕಡಲ ಜರಿ. ನಮ್ಮ ಬಚ್ಚಲುಗಳಲ್ಲಿ ಹರಿದಾಡುವ ನೂರು ಕಾಲಿನ ಹುಳುವಿನ ದೈತ್ಯರೂಪ, ಮೂರು ಹಡಗುಗಳಷ್ಟು ಉದ್ದ. ಅದರ ಕಾಲು ತಾಕಿದವನು ವಿಷವೇರಿ ದಿಕ್ಕು ಮರೆಯುತ್ತಾನೆ. ಆಟದ ಪುಟ್ಟ ಹಡಗುಗಳನ್ನು ಇಡಲು ಮೇಜಿಗೆ ಹಾಸುವ ಬಟ್ಟೆಯಲ್ಲಿ ಅದು ಇರಬೇಕೆಂದು ಆಕೆ ಫೋನಿನಲ್ಲಿ ಹೇಳಿದ್ದು, "ಸಮುದ್ರ, ಅದರಾಗ ಭಾರೀ ದೊಡ್ಡ ಜರಿ, ವಿಷದ್ದು" ಎಂದಷ್ಟೇ.

ಜೂನ್ ೧೯, ಸೋಮವಾರ ಸೌಂದರ್ಯಾ ಬಂದು ಬಟ್ಟೆಯನ್ನು ನೋಡಿದಳು.

"ಖಾಲಾ, ಭಾಳ ಚಂದ ಆಗ್ಯಾದ್ರೀ. ಆದ್ರ ಜರಿ ಎಲ್ಲದ?"

"ಪೊರಿ ಬಂದಿದ್ದು ನನ್ನ ಕಣ್ಣಿಗಿ ಬೇಟಾ, ನಿನಗಲ್ಲ. ತುಂಬ ಜರಿನೇ ಅದಲ್ಲ."

"ಆ ಜರಿ ಅಲ್ರೀ. ಕಚ್ಚೋ ಜರಿ. ಹುಳ."

"ಹುಳಾ?" ಮೆಹರುನ್ನಿಸಾ ಕನ್ನಡಕ ತೆಗೆದರು. "ವಿಷದ್ದು ಅಂದಿ. ಜಹರ್ ಅಂದ್ರ ವಿಷ ಅಲಾ, ಜಹರ್‌ಮೊಹ್ರಾ ರಂಗು ಕೇಳ್ಯಾಳ ಅಂತ ಪೇಟಿ ತುಂಬ ಹುಡುಕಿ ಈ ತಿಳಿ ಹಸರ ತಗದೆ."

ಬಾಗಿಲಲ್ಲಿದ್ದ ಸರ್ಫರಾಜ್ ನಕ್ಕನು. "ಯಂತ್ರಕ್ಕ ಚಿತ್ರ ಕೊಟ್ಟಿದ್ರ ಹುಳಾನೇ ಬರ್ತಿತ್ತು, ಅಮ್ಮೀ."

"ನಿನ್ನ ಯಂತ್ರ ಫೋನ್ ಎತ್ತತಿತ್ತೇನು?"

"ಬಿಚ್ಚಿ ಮತ್ತ ಮಾಡಾಕ ಬರ್ತದೇನ್ರೀ? ಬರೋ ರವಿವಾರನೇ ಆಟ ಅದ," ಎಂದಳು ಸೌಂದರ್ಯಾ.

"ಸಾಟಿನ್ ಅದ. ಬಿಚ್ಚಿದ್ರ ತೂತ ಉಳೀತಾವ."

ಮೆಹರುನ್ನಿಸಾ ನಡುವಿನ ದೊಡ್ಡ ಅಲೆಯ ಮೇಲೆ ಬೆರಳಾಡಿಸಿದರು. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಅದು ಉಬ್ಬು ಉಬ್ಬಾಗಿ ಸಾಗಿತ್ತು.

"ಇದು ಬೆನ್ನು ಅನ್ನು. ಗಂಟ ಗಂಟ ಅದ, ಕಾಲಷ್ಟೇ ಇಲ್ಲ. ಅದರ ಕಾಲು ಮುಂದ ಬಾಗ್ತಾವೋ, ಹಿಂದೋ?"

"ಹಿಂದ ಇರಬೇಕ್ರೀ."

"ಚಪ್ಪಲಿ ಹುಡುಕೋದರಾಗ ಅದರ ಕಾಲು ಯಾರು ನೋಡ್ಯಾರ," ಎಂದು ಅವರು ಕಪ್ಪು ರೇಷ್ಮೆಗೆ ಕೈಯಿಟ್ಟರು.

ಗುರುವಾರ ಸೌಂದರ್ಯಾ ಮತ್ತೆ ಬಂದಳು. ದೂರದಿಂದ ಕಾಣುತ್ತಿದ್ದುದು ಸಮುದ್ರವೊಂದೇ. ಹತ್ತಿರ ಬಾಗಿದರೆ ಮಾತ್ರ ಅಲೆಯ ಎರಡೂ ಬದಿಗೆ ಕೂದಲಷ್ಟು ಸಣ್ಣ ಕಪ್ಪು ಕಾಲುಗಳು, ತುದಿಯಲ್ಲಿ ಎರಡು ಕೊಂಡಿಗಳು. ಆಕೆ ಬಹಳ ಹೊತ್ತು ನೋಡಿದಳು.

ಸರ್ಫರಾಜನೇ ಕೇಳಿದನು: "ತಕರಾರ ಏನರ ಅದ ಏನ್ರೀ ಮೇಡಂ?"

"ನಂದೇನಿಲ್ರೀ. ತಕರಾರ ನಮ್ಮ ಆಟದಾಗಿನ ಗುರುಪ್ರಸಾದ ಮಾಡ್ತಾನ. ಅಲೆ ಅಂತ ತಿಳದು ಅಂವ ಹಡಗ ಇದರ ಬೆನ್ನ ಮ್ಯಾಲೇ ಇಡಾಂವ."

ಜೂನ್ ೨೫, ರವಿವಾರ ಕಮಲಾಪುರದಲ್ಲಿ ಆಟ ನಡೆಯಿತು. ಗುರುಪ್ರಸಾದನ ಹಡಗು ಮುಳುಗಿತು. ಸರ್ಫರಾಜ್ ೨೦೨೪ರ ಫೆಬ್ರುವರಿಯಲ್ಲಿ ಯಂತ್ರವನ್ನು ಕೊಂಡು ಅದೇ ಊರಿನ ಗಾಜಿಪುರದ ಬಾಡಿಗೆ ಕೋಣೆಯೊಂದರಲ್ಲಿ ಇರಿಸಿದನು. ಅಡ್ಡಾ ರೋಜಾದ ಪಡಸಾಲೆಯಲ್ಲಿಯೇ ಇದೆ. ಮೆಹರುನ್ನಿಸಾ ಆ ವರ್ಷದ ಉರುಸಿಗೆ ಅದರ ಮೇಲೆ ಎರಡು ಚಾದರಗಳನ್ನು ಹೊಲಿದರು.